ಅರವತ್ತೆಂಟರಲ್ಲಿ ಹುಟ್ಟಿದ ಚಾಲಕ

ಎಂ.ಕೆ. ಹುಬ್ಬಳ್ಳಿಯ ಹತ್ತಿರ ಕಬ್ಬು ಸಾಗಿಸುವ ಗುತ್ತಿಗೆದಾರರೊಬ್ಬರ ಯಾರ್ಡಿನಲ್ಲಿ ನಾನು ಕಂಪ್ಯೂಟರ್ ಕೆಲಸಕ್ಕಿದ್ದೆ. ತಗಡಿನ ಕೋಣೆ, ಒಂದೇ ಕಿಟಕಿ. ಟ್ರ್ಯಾಕ್ಟರ್ ಚಾಲಕರ ಹೆಸರು, ಹುಟ್ಟಿದ ತಾರೀಖು ಬರೆದುಕೊಂಡು ಚೀಟಿ ಕೊಡುವ ಪ್ರೋಗ್ರಾಮನ್ನು ನಾನೇ ಬರೆದಿದ್ದೆ. ಚೀಟಿ ಇಲ್ಲದೆ ಗೇಟು ತೆರೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ನೇಸರಗಿ ಕಡೆಯ ಹಿರಿಯ ಚಾಲಕರೊಬ್ಬರು ಕಿಟಕಿಗೆ ಬಂದು ಲೈಸೆನ್ಸು ಕೊಟ್ಟರು. ಅದರಲ್ಲಿದ್ದ ಅರವತ್ತೆಂಟನೇ ಇಸವಿಯ ತಾರೀಖು ಹೊಡೆದರೆ ತಪ್ಪು ಎಂದು ಕೆಂಪಕ್ಷರ ಬಂತು. ಇನ್ನೆರಡು ಸಲ ಹೊಡೆದೆ, ಅದೇ. ನಿಮ್ಮ ಕಾಗದದಲ್ಲೇ ದೋಷವಿದೆ, ಸರಿ ಮಾಡಿಸಿಕೊಂಡು ಬನ್ನಿ ಎಂದೆ. ಅವರು ಹೊರಗಡೆ ಕೈ ತೋರಿಸಿದರು. ಕಬ್ಬು ತುಂಬಿದ ಎರಡು ಟ್ರೇಲರು; ಹಿಂದೆ ಹತ್ತಾರು ಗಾಡಿ. ಮುಂದೆ ಗೇಟು ಮುಚ್ಚಿತ್ತು, ಹಿಂದೆ ಸರಿಯಲು ಜಾಗವಿರಲಿಲ್ಲ. ಹಾರ್ನುಗಳು ಶುರುವಾದವು. ಕೋಣೆ ಬಿಟ್ಟು ಓಡಿಹೋಗಬೇಕು ಅನಿಸಿತು. ಬಾಗಿಲಿಗೇ ಅವರ ಟ್ರ್ಯಾಕ್ಟರು ಅಡ್ಡ ನಿಂತಿತ್ತು.

"ಎಪ್ಪತ್ತು ಅಂತ ಹಾಕ್ಲೇನ್ರಿ ಕಾಕಾ? ಚೀಟಿ ಬರಬಹುದು" ಎಂದು ಮೆಲ್ಲಗೆ ಕೇಳಿದೆ.

"ಬ್ಯಾಡ ತಂಗಿ. ನಾಳೆ ಏನರ ಆದ್ರ ಸುಳ್ಳಗಾರ ನಾನಾಗತೇನಿ" ಎಂದರು.

ಬೇರೆ ದಾರಿಯಿರಲಿಲ್ಲ. ಅವರ ಕಣ್ಣೆದುರೇ ಒಂದೊಂದು ಇಸವಿ ಹಾಕಿ ನೋಡಿದೆ. ಎಪ್ಪತ್ತೈದು ನಡೆಯಿತು, ಎಪ್ಪತ್ತು ನಡೆಯಿತು, ಅರವತ್ತೊಂಬತ್ತೂ ನಡೆಯಿತು. ಅರವತ್ತೆಂಟಕ್ಕೆ ನಿಂತಿತು. ಇಸವಿಗೆ ಎರಡೇ ಅಂಕಿ ಸಾಕೆಂದು ಬರೆದವಳು ನಾನು. ನಾನು ಬಳಸಿದ ಕಂಪ್ಯೂಟರ್ ಭಾಷೆ ಅರವತ್ತೊಂಬತ್ತರಿಂದ ಮೇಲಿನದನ್ನು ಹಿಂದಿನ ಶತಮಾನಕ್ಕೂ, ಅದಕ್ಕಿಂತ ಕೆಳಗಿನದನ್ನು ಈ ಶತಮಾನಕ್ಕೂ ಸೇರಿಸುತ್ತಿತ್ತು. ಅದರ ಪ್ರಕಾರ ಕಾಕಾ ಎರಡು ಸಾವಿರದ ಅರವತ್ತೆಂಟರಲ್ಲಿ ಹುಟ್ಟಬೇಕಾಗಿತ್ತು; ಇನ್ನೂ ಬಾರದ ತಾರೀಖೆಂದು ತಪ್ಪು ತೋರಿಸುತ್ತಿತ್ತು. ನಮ್ಮಲ್ಲಿ ಹೆಚ್ಚಿನವರು ಹರೆಯದ ಚಾಲಕರಾದ್ದರಿಂದ ಇದು ಬೆಳಕಿಗೆ ಬಂದಿರಲಿಲ್ಲ.

"ತಪ್ಪು ನಂದರಿ" ಎಂದೆ. ನಾಲ್ಕು ಅಂಕಿ ತೆಗೆದುಕೊಳ್ಳುವಂತೆ ಸರಿಪಡಿಸಿ ಚೀಟಿ ಕೊಟ್ಟೆ. ಅವರು ಚೀಟಿ ಜೇಬಿಗಿಟ್ಟುಕೊಂಡರು.

"ನಮ್ಮ ಓಣ್ಯಾಂವ ಒಬ್ಬ ಚೀಟಿ ಸಿಗಲಾರದ ಹೊಳ್ಳಿ ಬಂದಿದ್ದ. ಅಂವ ನನಗಿಂತ ಒಂದ ವರ್ಷಕ್ಕ ಹಿರ್ಯಾ" ಎಂದಷ್ಟೇ ಹೇಳಿ ಹೋದರು.

ನನಗೂ ನೆನಪಿತ್ತು. ಅಂಥ ಇಬ್ಬರನ್ನು ಇದೇ ಕಿಟಕಿಯಿಂದ ವಾಪಸು ಕಳಿಸಿದ್ದೆ. ಸಂಜೆ ಮಾಲೀಕರಿಗೆ ಎಲ್ಲವನ್ನೂ ಹೇಳಿದೆ. ಅವರು ಚಹಾ ಕುಡಿಯುತ್ತಲೇ, ಆದದ್ದಾಯಿತು ಬಿಡು ಎಂದರು. ಬಿಡಲಾಗದೆ ಇಬ್ಬರಿಗೂ ಫೋನು ಮಾಡಿದೆ. ಒಬ್ಬರು ಎತ್ತಲಿಲ್ಲ. ಕಾಕಾ ಹೇಳಿದ ಓಣಿಯವರು ಎತ್ತಿದರು, ಚೀಟಿ ಸಿಗದ ಮೇಲೆ ಟ್ರ್ಯಾಕ್ಟರ್ ಕೆಲಸ ಬಿಟ್ಟು ರಾಮದುರ್ಗದಲ್ಲಿ ಮಗಳ ಮನೆಯಲ್ಲಿದ್ದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಈ ವರ್ಷದ ಕಬ್ಬು ಮುಗಿಯುತ್ತ ಬಂತಲ್ಲವೇ ಎಂದು ಕೇಳಿದರು. ಹೌದು ಎಂದೆ. ಆಮೇಲೆ, ಎತ್ತದ ಇನ್ನೊಬ್ಬರ ನಂಬರನ್ನು ಮತ್ತೆ ಹೊಡೆದೆ.