ಸರ್ಕಾರದ ಗಮನಕ್ಕೆ ಬಂದ ಬೀದಿ

ಉದ್ದಿನಬೇಳೆ ರುಬ್ಬುವಾಗ ನಡುವೆ ಎದ್ದು ಹೋಗಬಾರದು, ಎದ್ದರೆ ಹಿಟ್ಟು ಕೂತುಬಿಡುತ್ತದೆ ಎಂದು ನಮ್ಮತ್ತೆ ಹೇಳಿಕೊಟ್ಟದ್ದು. ಹಾಗಾಗಿ ಆ ಮಧ್ಯಾಹ್ನ ಗೇಟು ಕಿರುಗುಟ್ಟಿದಾಗಲೂ ನಾನು ಒಂದು ಕೈಯಲ್ಲಿ ಹಿಟ್ಟು ದೂಡುತ್ತ, ಇನ್ನೊಂದು ಕೈಯಲ್ಲಿ ಗುಂಡುಕಲ್ಲು ತಿರುಗಿಸುತ್ತ ಒರಳಿನ ಮುಂದೆ ಕೂತೇ ಇದ್ದೆ. ಬಂದವರು ನಮ್ಮ ಯಜಮಾನರು. ವಿಧಾನಸೌಧದಲ್ಲಿ ಗುಮಾಸ್ತರಾಗಿರುವ ಅವರು ದೀಪ ಹಚ್ಚುವ ಹೊತ್ತಿಗಿಂತ ಮುಂಚೆ ವಿಜಯನಗರದಲ್ಲಿ ಬಸ್ಸಿಳಿದದ್ದನ್ನು ನಾನು ಕಂಡವಳಲ್ಲ. ಅದರಲ್ಲೂ ಅಧಿವೇಶನ ನಡೆಯುವ ದಿನಗಳಲ್ಲಿ ಅವರ ತಟ್ಟೆಯ ಸಾರು ಎಷ್ಟು ಸಲ ಬಿಸಿಯಾಗುತ್ತಿತ್ತೋ ಒಲೆಗೇ ಗೊತ್ತು. ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು, ಒರಳಿನ ಪಕ್ಕ ನೆಲದ ಮೇಲೆ ಕೂತರು.

"ನಮ್ಮ ಬೀದಿ ಪ್ರಶ್ನೆ ಬಂದಿದೆ ಕಣೇ," ಅಂದರು.

ನನಗೆ ಸಂತೋಷವೇ ಆಯಿತು. ಆ ಪ್ರಶ್ನೆ ನಮ್ಮದೇ, ಬೀದಿಯ ಹೆಂಗಸರದು. ಗಣಪತಿ ಕೂರಿಸಿದಾಗ ಮಂಗಳಾರತಿಗೆ ಬಂದಿದ್ದ ಶಾಸಕರನ್ನು ಎದುರುಮನೆಯ ಗೌರಮ್ಮ ತಡೆದು ನಿಲ್ಲಿಸಿ, ಊರಿಗೆಲ್ಲ ಕಾವೇರಿ ನೀರು ಬಂತು, ನಮ್ಮ ಬೀದಿಗೆ ಮಾತ್ರ ಇನ್ನೂ ಕೈಪಂಪೇ ಗತಿ, ನೀವು ವಿಧಾನಸೌಧದಲ್ಲಿ ಕೇಳಲೇಬೇಕು ಎಂದು ಹಠ ಹಿಡಿದಿದ್ದಳು. ಆ ಪುಣ್ಯಾತ್ಮರು ಪ್ರಸಾದದ ಕಡುಬು ತಿನ್ನುತ್ತ ಹೂಂ ಅಂದಿದ್ದರು. ಹೂಂ ಅಂದವರು ಮರೆಯುವುದು ಲೋಕರೂಢಿ, ಇವರು ಮರೆಯಲಿಲ್ಲ. ಇನ್ನೇನು, ಅಡುಗೆಮನೆಯಲ್ಲೇ ನಲ್ಲಿ ತಿರುಗಿಸುವ ದಿನ ಬಂತು ಎಂದು ನಾನು ಹಿಟ್ಟಿನ ಕೈಯನ್ನೇ ಹಣೆಗೊತ್ತಿ ದೇವರಿಗೆ ಮುಗಿದೆ. ಯಜಮಾನರು ನಗಲಿಲ್ಲ. ನೀರಿನ ಮಾತು ಕೊನೆಯದು, ಅದಕ್ಕೆ ಮುಂಚೆ ಎರಡಿದೆ ಅಂದರು. ಶಾಸಕರ ಪ್ರಶ್ನೆಗಳೆಲ್ಲ ಅ, ಆ, ಇ ಎಂದು ಭಾಗವಾಗಿಯೇ ಇರುತ್ತವಂತೆ. ಇಂಥ ಕಡೆ ಮನೆಗಳು ಎದ್ದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ ಎಂಬುದು ಅ. ಬಂದಿದ್ದರೆ ಆ ಮನೆಗಳಿಗೆ ಯಾರ ಅನುಮತಿ ಇದೆ ಎಂಬುದು ಆ. ನೀರು ಯಾವಾಗ ಎಂಬುದು ಇ. ನಾವು ಹೆಂಗಸರು ಇ ಒಂದನ್ನೇ ಕೇಳಿದ್ದೆವು. ಅದನ್ನು ತಲುಪಬೇಕಾದರೆ ಆ ಎಂಬ ಬಾಗಿಲನ್ನು ದಾಟಿಯೇ ಹೋಗಬೇಕೆಂದು ನಮಗೆ ಯಾರು ಹೇಳಿದ್ದರು?

ಆ ಬಾಗಿಲಲ್ಲಿ ನಮ್ಮ ಮನೆ ಸಿಕ್ಕಿಕೊಂಡಿತು. ನಮ್ಮ ಬೀದಿಗೆ ಅನುಮತಿ ಎಂಬುದಿಲ್ಲ. ನಗರಾಭಿವೃದ್ಧಿ ಪ್ರಾಧಿಕಾರದ ಸೈಟಿಗೆ ಅರ್ಜಿ ಹಾಕಿ ಹಾಕಿ ಸಾಕಾದವರು, ಇಲ್ಲಿನ ಹಳ್ಳಿಯ ಗೌಡರೊಬ್ಬರು ತಮ್ಮ ರಾಗಿ ಹೊಲವನ್ನು ಹಗ್ಗ ಹಿಡಿದು ತುಂಡು ಮಾಡಿ ಮಾರುವಾಗ ಕೊಂಡುಕೊಂಡವರು ನಾವೆಲ್ಲ. ಹೊಲ ಅದಾಗಲೇ ಸರ್ಕಾರದ ಭೂಸ್ವಾಧೀನದ ಪ್ರಕಟಣೆಯಲ್ಲಿ ಸೇರಿತ್ತು. ಅದು ಯಜಮಾನರಿಗೂ ಗೊತ್ತಿತ್ತು, ಗೌಡರಿಗೂ ಗೊತ್ತಿತ್ತು; ಸುತ್ತಲೂ ಎಲ್ಲರೂ ಕಟ್ಟಿದ್ದರು, ನಾವೂ ಕಟ್ಟಿದೆವು. ಯಾರೂ ಕೇಳಲಿಲ್ಲ. ಯಾರೂ ಕೇಳದೇ ಇರುವುದೇ ಇಷ್ಟು ವರ್ಷ ನಮ್ಮ ಮನೆಗೆ ಪಾಯವಾಗಿತ್ತು ಎಂದು ಆ ಮಧ್ಯಾಹ್ನ ಮೊದಲ ಸಲ ತಿಳಿಯಿತು. ಕಲ್ಲು ತಿರುಗಿಸುವುದು ಯಾವಾಗ ನಿಲ್ಲಿಸಿದೆನೋ ಕಾಣೆ. ಹಿಟ್ಟು ಕೂತುಹೋಗಿತ್ತು.

ಪ್ರಶ್ನೆ ಬಂದ ಮೇಲೆ ಉತ್ತರ ಬರೆಯುವ ಮುನ್ನ ಸ್ಥಳ ನೋಡಿ ವರದಿ ತರಿಸುವುದು ಅವರ ಪದ್ಧತಿಯಂತೆ. ಹಾಗೆಂದು ಯಜಮಾನರು ನನಗೆ ಹೇಳುವಷ್ಟರಲ್ಲಿ ವರದಿ ಬರೆಯುವ ಅಧಿಕಾರಿ ಬಂದೇಬಿಟ್ಟರು, ಜೊತೆಗೆ ಅಳತೆಯ ಸರಪಳಿ ಹಿಡಿದ ಇಬ್ಬರು. ನೀರಿನ ಕೊಳವೆಗೆ ಅಳೆಯಲು ಬಂದಿದ್ದಾರೆಂದೇ ಗೌರಮ್ಮ ತಿಳಿದಳು. ಅವಳ ಮನೆಯ ಮಜ್ಜಿಗೆ, ನಮ್ಮ ಮನೆಯ ಲೋಟಗಳು. ಬಿಸಿಲಲ್ಲಿ ಬಂದವರನ್ನು ಬರಿಗಂಟಲಲ್ಲಿ ಕಳಿಸುವ ಬೀದಿ ನಮ್ಮದಲ್ಲ. ಮನೆಗಳು ಜಾಸ್ತಿ ಇದ್ದರೆ ನೀರು ಬೇಗ ಬಂದೀತೆಂದು ಅವಳು ಒಂದೊಂದೇ ಬಾಗಿಲು ತೋರಿಸಿ, ಇನ್ನೂ ಪಾಯ ಮಾತ್ರ ಎದ್ದಿದ್ದ ಎರಡು ಸೈಟುಗಳನ್ನೂ ಮನೆ ಎಂದೇ ಬರೆಸಿ, ಕೊನೆಗೆ ಅಭಿಮಾನದಿಂದ ಒಂದು ಮಾತು ಸೇರಿಸಿದಳು.

"ಎಲ್ಲಾ ನಾವೇ ಕಟ್ಕೊಂಡಿದ್ದು ಸಾರ್. ಒಂದ್ ದಿನಾನೂ ಯಾರೂ ಬಂದು ಬೇಡ ಅನ್ನಲಿಲ್ಲ."

ಅಧಿಕಾರಿ ಅದನ್ನು ಬರೆದುಕೊಂಡರು. ಸಭ್ಯ ಮನುಷ್ಯ, ಮಜ್ಜಿಗೆ ಚೆನ್ನಾಗಿದೆಯಮ್ಮ ಅಂದು ಲೋಟವನ್ನು ತಾವೇ ಜಗಲಿಯ ಮೇಲಿಟ್ಟು ಹೋದರು. ನಾನು ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಸುಮ್ಮನಿರು ಎಂದು ಗೌರಮ್ಮನಿಗೆ ಕಣ್ಸನ್ನೆ ಮಾಡಲೂ ಆಗದಷ್ಟು ಹೆದರಿದ್ದೆ.

ಹೆದರಿಕೆಗೆ ಒಂದು ಗುಣವಿದೆ ನೋಡಿ, ಅದು ಮನೆಯ ವಸ್ತುಗಳನ್ನೆಲ್ಲ ಎರಡಾಗಿ ಹಂಚಿಬಿಡುತ್ತದೆ. ಹೊತ್ತೊಯ್ಯಬಹುದಾದವು, ಒಯ್ಯಲಾಗದವು. ಪಾತ್ರೆ, ಹಾಸಿಗೆ, ಟ್ರಂಕು ಗಾಡಿಗೇರುತ್ತವೆ. ಒರಳನ್ನೂ ಇಬ್ಬರು ಹಿಡಿದರೆ ಕಿತ್ತೊಯ್ಯಬಹುದು. ಆದರೆ ಗೋಡೆಯೊಳಗೇ ಕಟ್ಟಿಸಿದ ದೇವರ ಗೂಡನ್ನು ಹೇಗೆ ಒಯ್ಯುವುದು? ದಿನಾ ಬೆಳಿಗ್ಗೆ ಅರಿಶಿನ ಬಳಿದು ಕುಂಕುಮವಿಟ್ಟು, ತುಳಿಯದೆ ದಾಟುವ ಹೊಸಿಲನ್ನು ಯಾವ ಗೋಣಿಚೀಲದಲ್ಲಿ ತುಂಬುವುದು? ಮುಖ್ಯರಸ್ತೆಯಲ್ಲಿ ಲಾರಿ ಗೇರು ಬದಲಿಸಿದರೆ ಸಾಕು, ಒಗ್ಗರಣೆ ಸೌಟು ಕೈಯಲ್ಲೇ ನಿಲ್ಲುತ್ತಿತ್ತು. ಜೀಪಿನ ಸದ್ದಾದರೆ ಕೆಡವುವವರು ಬಂದರೇನೋ ಎಂದು ಕಿಟಕಿಗೆ ಹೋಗುತ್ತಿದ್ದೆ. ಅದು ಯಾರದೋ ಮದುವೆಯ ಜೀಪಾಗಿದ್ದರೆ ಆ ಮದುಮಕ್ಕಳಿಗೆ ಮನಸ್ಸಿನಲ್ಲೇ ಅಕ್ಷತೆ ಹಾಕಿ ಬರುತ್ತಿದ್ದೆ.

ದೇವರ ಮುಂದೆ ನಿಂತಾಗಲೂ ಒಂದು ವಿಚಿತ್ರವಾಯಿತು. ಮುಂಚೆಲ್ಲ ನಾನು ಬೇಡುವಾಗ ಪೂರಾ ವಿಳಾಸ ಕೊಟ್ಟೇ ಬೇಡುತ್ತಿದ್ದವಳು. ಶಿವನಿಗೆ ಭಕ್ತರು ಬಹಳ, ನನ್ನನ್ನು ಇನ್ಯಾರೋ ಅಂದುಕೊಂಡಾನು ಎಂಬ ದಿಗಿಲು. ಈಗ ಬಾಯಿ ಬರಲೊಲ್ಲದು. ಗಮನಕ್ಕೆ ಬರುವುದು ಎಂದರೆ ಏನೆಂದು ಕಂಡವಳಿಗೆ, ಪರಮಾತ್ಮನ ಗಮನಕ್ಕೂ ಸುಮ್ಮಸುಮ್ಮನೆ ಬೀಳಬಾರದು ಅನ್ನಿಸಿತು. ಸುಮ್ಮನೆ ಬತ್ತಿ ಸರಿಮಾಡಿ, ಕೈಮುಗಿದು, ಏನನ್ನೂ ಕೇಳದೆ ಬಂದುಬಿಡುತ್ತಿದ್ದೆ. ಇವತ್ತು ಸೀಮೆಎಣ್ಣೆ ಸಿಕ್ಕಿತು, ಇವತ್ತು ಹಾಲು ಒಡೆಯಲಿಲ್ಲ, ಇವತ್ತು ಯಾರೂ ಬರಲಿಲ್ಲ ಎಂದು ಬರಿಯ ವರದಿ ಒಪ್ಪಿಸಿ ಬರುವುದು. ಅವನಿಗೆ ಅದೇ ಇಷ್ಟವಾಯಿತೋ ಏನೋ.

ಇನ್ನು ಯಜಮಾನರ ಪಾಡು. ಉತ್ತರದ ಕರಡು ಬರೆಯಬೇಕಾದದ್ದು ಅವರದೇ ಮೇಜು. ಬರೆಯುವವರು ಇವರೇ ಆದ ಮೇಲೆ ಒಂದು ಸಾಲು ಅತ್ತಿತ್ತ ಮಾಡಿದರಾಗದೇ ಎಂಬ ಆಸೆ ನನ್ನಲ್ಲಿ ಹುಟ್ಟಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅವರು ಪ್ರಶ್ನೆ ಬಂದ ಮರುದಿನವೇ ತಮ್ಮ ಮೇಲಧಿಕಾರಿಯ ಮುಂದೆ ನಿಂತು, ಆ ಬೀದಿಯಲ್ಲಿ ನನ್ನ ಮನೆಯೂ ಇದೆ ಸಾರ್ ಎಂದು ಹೇಳಿ ಫೈಲನ್ನು ಪಕ್ಕದ ಮೇಜಿಗೆ ದಾಟಿಸಿ ಬಂದರು. ಆಮೇಲೆ ಅವರಿಗೂ ನನ್ನಷ್ಟೇ ಗೊತ್ತು. ಪಕ್ಕದ ಮೇಜಿನಲ್ಲಿ ತಮ್ಮ ಮನೆಯ ಹಣೆಬರಹ ಬೆರಳಚ್ಚಾಗುತ್ತಿದ್ದರೆ, ಇವರು ತಲೆ ಬಗ್ಗಿಸಿ ಇನ್ಯಾವುದೋ ಊರಿನ ಚರಂಡಿಯ ಉತ್ತರ ಬರೆಯುತ್ತಿದ್ದರು.

"ಏನೂಂದ್ರೆ, ಏನು ಬರೆದ್ರಂತೆ?" ಎಂದು ಒಂದು ಸಂಜೆ ತಡೆಯಲಾರದೆ ಕೇಳಿದೆ.

"ನೋಡಿಲ್ಲ ಕಣೇ," ಅಂದರು. ಅಂಗಿಯನ್ನು ಗೂಟಕ್ಕೆ ಹಾಕುತ್ತ, "ಉತ್ತರಕ್ಕೆ ನಾನು ಹೆದರ್ತಾ ಇಲ್ಲ. ಉಪಪ್ರಶ್ನೆಗೆ ಹೆದರ್ತೀನಿ," ಅಂದರು.

ಅದೇನೆಂದು ಬಿಡಿಸಿ ಹೇಳಿದವರು ಶಾಮಣ್ಣನವರು, ನಮ್ಮಿಂದ ಮೂರನೆಯ ಮನೆಯವರು, ಸಚಿವಾಲಯದಲ್ಲೇ ಇದ್ದು ನಿವೃತ್ತರಾದವರು. ಮಂತ್ರಿಗಳು ಉತ್ತರ ಓದಿದ ಮೇಲೆ ಯಾವ ಸದಸ್ಯರು ಬೇಕಾದರೂ ಎದ್ದು ಮೇಲೊಂದು ಪ್ರಶ್ನೆ ಹಾಕಬಹುದಂತೆ. ಅನುಮತಿ ಇಲ್ಲದ ಮನೆಗಳನ್ನು ಇನ್ನೂ ಏಕೆ ತೆಗೆಸಿಲ್ಲ ಎಂದು ಯಾರಾದರೂ ಕೇಳಿದರೆ, ಆ ಬಿಸಿಯಲ್ಲಿ ಮಂತ್ರಿಗಳು ತೆಗೆಸುತ್ತೇವೆ ಅಂದುಬಿಟ್ಟರೆ, ಅದು ಸದನಕ್ಕೆ ಕೊಟ್ಟ ಭರವಸೆ. ಭರವಸೆ ಈಡೇರಿತೇ ಎಂದು ಬೆನ್ನು ಹತ್ತಿ ಕೇಳಲಿಕ್ಕೇ ಒಂದು ಸಮಿತಿ ಇದೆಯಂತೆ. ಭರವಸೆ ಎಂಬ ಮಾತಿಗೂ ಬೆಚ್ಚಿಬೀಳುವ ಕಾಲ ನನಗೆ ಬಂದಿತ್ತು.

ಶಾಮಣ್ಣನವರಿಗೆ ಈ ಪ್ರಶ್ನೋತ್ತರಗಳೆಂದರೆ ಪುರಾಣವಿದ್ದ ಹಾಗೆ. ನಮ್ಮ ಸದನದ ಈ ಪದ್ಧತಿ ಲಂಡನ್ನಿನ ಪಾರ್ಲಿಮೆಂಟಿನದು, ಎರಡು ಮಹಾಯುದ್ಧಗಳ ನಡುವಿನ ವರ್ಷಗಳ ಅಲ್ಲಿನ ದಪ್ಪ ಸಂಪುಟಗಳನ್ನು ತಾವು ಲೈಬ್ರರಿಯಲ್ಲಿ ಕೂತು ಓದಿದ್ದುಂಟು ಎಂದು ನನ್ನ ಹೆದರಿಕೆ ಮರೆಸಲೋ ಏನೋ ಹೇಳುತ್ತಿದ್ದರು. ಅಲ್ಲಿ ಒಬ್ಬ ಸದಸ್ಯ ಏಳುವನಂತೆ, ನಮ್ಮೂರಲ್ಲಿ ಕೆಲಸ ಹೋದವರ ಗತಿಯೇನು ಎನ್ನುವನಂತೆ. ಇನ್ನೊಬ್ಬ ಏಳುವನಂತೆ, ಇಂಥ ಕೇರಿಯ ಮುರುಕಲು ಮನೆಗಳನ್ನು ಕೆಡವುತ್ತೀರಲ್ಲ, ಅಲ್ಲಿದ್ದವರು ಎಲ್ಲಿಗೆ ಹೋಗಬೇಕು ಎನ್ನುವನಂತೆ. ಮಂತ್ರಿ ಎದ್ದು, ವಿಚಾರಿಸುತ್ತಿದ್ದೇನೆ, ವರದಿ ಬರಬೇಕಾಗಿದೆ, ಸದ್ಯಕ್ಕೆ ಹೇಳುವುದೇನೂ ಇಲ್ಲ ಎಂದು ಕೂರುವನಂತೆ. ನಮ್ಮ ದೇಶದ ವಿಷಯವನ್ನೂ ಆಗ ಅಲ್ಲಿಯೇ ಕೇಳುತ್ತಿದ್ದರಂತೆ. ಅದಕ್ಕೂ ಅದೇ ಉತ್ತರ, ಇಂಡಿಯಾದಿಂದ ವರದಿ ಬರಬೇಕು.

"ಐವತ್ತು ವರ್ಷ ಆಯ್ತಮ್ಮ, ಉತ್ತರ ಏನೂ ಬದಲಾಗಿಲ್ಲ. ಭಾಷೆ ಒಂದು ಬದಲಾಗಿದೆ," ಎಂದು ನಕ್ಕರು.

ಅವರು ನಗಲೆಂದೇ ಹೇಳಿದ್ದು. ನನಗೆ ಮಾತ್ರ ಆ ಸಂಪುಟಗಳಲ್ಲಿ ಕಾಣದ ಒಬ್ಬಳು ಕಣ್ಣಿಗೆ ಕಟ್ಟಿದಳು. ಆ ಕೇರಿಯ ಯಾವುದೋ ಮನೆಯಲ್ಲಿ, ಚಳಿಗೆ ಬಿರಿದ ಕೈಯಲ್ಲಿ ಬಟ್ಟೆ ಹಿಂಡುತ್ತ, ತನ್ನ ಬೀದಿಯ ಹೆಸರು ದೊಡ್ಡವರ ಬಾಯಲ್ಲಿ ಬಂದಿದೆಯಂತೆ ಎಂದು ಕೇಳಿ ಬೆಪ್ಪಾಗಿ ನಿಂತ ಹೆಂಗಸು. ಸಂಪುಟದಲ್ಲಿ ಸದಸ್ಯರ ಹೆಸರಿದೆ, ಮಂತ್ರಿಯ ಹೆಸರಿದೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಇವಳು ಕಾದ ಹೊತ್ತಿಗೆ ಯಾವ ಪುಟದಲ್ಲೂ ಜಾಗವಿಲ್ಲ. ಅವಳು ಯಾವ ದೇವರಿಗೆ ದೀಪ ಹಚ್ಚುತ್ತಿದ್ದಳೋ, ಅವಳ ಮನೆ ಉಳಿಯಿತೋ, ಶಾಮಣ್ಣನವರಿಗೂ ಗೊತ್ತಿಲ್ಲ. ಅವತ್ತಿನಿಂದ ಅವಳಿಗೂ ಸೇರಿಸಿ ಒಂದು ಬತ್ತಿ ಹೆಚ್ಚಿಗೆ ಹಾಕಿದೆ. ಸತ್ತಿದ್ದರೂ ಇರಬಹುದು, ಬೆಳಕಿಗೆ ಅದರಿಂದೇನು?

ಉತ್ತರದ ದಿನ ಬಂತು. ಪ್ರಶ್ನೋತ್ತರಕ್ಕೆ ಇರುವುದು ಒಂದೇ ಗಂಟೆ, ನಮ್ಮದು ಪಟ್ಟಿಯಲ್ಲಿ ಸುಮಾರು ಕೆಳಗೆ. ಶಾಮಣ್ಣನವರು ಹಳೆಯ ಪರಿಚಯದ ಮೇಲೆ ಪಾಸು ಪಡೆದು ಗ್ಯಾಲರಿಯಲ್ಲಿ ಕೂತು ಬರುತ್ತೇನೆಂದು ಹೊರಟರು. ಯಜಮಾನರು ಎಂದಿನಂತೆ ಕ್ಯಾರಿಯರ್ ಹಿಡಿದು ಹೋದರು. ಹೊಸಿಲು ದಾಟುವಾಗ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡದ್ದನ್ನು ನಾನು ನೋಡಲಿಲ್ಲವೆಂದುಕೊಂಡರು. ಗೌರಮ್ಮನಿಗೆ ಅಷ್ಟರಲ್ಲಿ ವಿಷಯವೆಲ್ಲ ತಿಳಿದಿತ್ತು. ಬೀದಿಯನ್ನೆಲ್ಲ ಗದರಿಸುವ ಹೆಂಗಸು ನಮ್ಮ ಅಡುಗೆಮನೆಯ ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತಿದ್ದಳು.

"ನೀರು ಕೇಳಿದ್ದು ತಪ್ಪಾ ಅಕ್ಕಾ?" ಅಂದಳು.

ತಪ್ಪಲ್ಲ ಅಂದೆ. ಇಬ್ಬರೂ ಸೇರಿ ಒಂದು ಮೊರ ಅವರೆಕಾಳು ಹಿಸುಕಿದೆವು. ಯಾವುದು ಕಾಳು, ಯಾವುದು ಸಿಪ್ಪೆ ಎಂಬುದೇ ಕೈಗೆ ತಿಳಿಯುತ್ತಿರಲಿಲ್ಲ.

ಶಾಮಣ್ಣನವರು ಬಂದಾಗ ಬಿಸಿಲು ಇಳಿಯತೊಡಗಿತ್ತು. ಗೇಟಿನಲ್ಲೇ ನಿಂತು ಹೇಳಿದರು.

"ಬರಲಿಲ್ಲಮ್ಮ. ನಮ್ಮ ನಂಬರ್ ಬರೋಷ್ಟರಲ್ಲಿ ಗಂಟೆ ಮುಗೀತು."

ನಮ್ಮದಕ್ಕಿಂತ ಮೇಲಿದ್ದುದು ಯಾವುದೋ ಹಳ್ಳಿಯ ಶಾಲೆಯ ಪ್ರಶ್ನೆಯಂತೆ. ಸೂರು ಸೋರಿ ಮಕ್ಕಳು ಮರದ ಕೆಳಗೆ ಕೂರುತ್ತಿದ್ದಾರೆ ಎಂದು ಆ ಕಡೆಯ ಸದಸ್ಯರು ಎದ್ದು, ಉಪಪ್ರಶ್ನೆಯ ಮೇಲೆ ಉಪಪ್ರಶ್ನೆ ಬಂದು, ಸದನವೆಲ್ಲ ಗದ್ದಲವಾಗಿ ಹೊತ್ತು ಹೋಯಿತಂತೆ. ಉಳಿದ ಉತ್ತರಗಳನ್ನು ಓದದೆ ಸದನದ ಮುಂದಿಟ್ಟರು; ಓದದ ಉತ್ತರಕ್ಕೆ ಉಪಪ್ರಶ್ನೆ ಇಲ್ಲ, ಮಂತ್ರಿಗಳು ಏನನ್ನೂ ಆಡಬೇಕಾಗಿಲ್ಲ. ಗೌರಮ್ಮ ಅಲ್ಲೇ ಅತ್ತಳು. ನಾನು ಆ ಹಳ್ಳಿಯ ಹೆಸರೇನೆಂದು ಕೇಳಿದೆ. ಶಾಮಣ್ಣನವರು ಗದ್ದಲದಲ್ಲಿ ಕೇಳಿಸಲಿಲ್ಲ ಅಂದರು. ಯಾರ ಮಕ್ಕಳೋ ಮರದ ಕೆಳಗೆ ಕೂತು ನಮ್ಮ ತಲೆಯ ಮೇಲಿನ ತಾರಸಿಯನ್ನು ಉಳಿಸಿಕೊಟ್ಟಿದ್ದವು. ಇದನ್ನು ದೇವರ ದಯೆ ಎನ್ನಲು ನಾಲಿಗೆ ಹೊರಳಲಿಲ್ಲ. ಅಲ್ಲ ಎನ್ನಲೂ ಧೈರ್ಯವಾಗಲಿಲ್ಲ.

ಸಂಜೆ ಯಜಮಾನರು ಉತ್ತರದಲ್ಲಿದ್ದದ್ದನ್ನು ಹೇಳಿದರು. ಅ: ಗಮನಕ್ಕೆ ಬಂದಿದೆ. ಆ: ಅನುಮತಿ ಇರುವುದಿಲ್ಲ, ಮುಂದಿನ ಕ್ರಮ ಪರಿಶೀಲನೆಯಲ್ಲಿದೆ. ಇ: ಆದ್ದರಿಂದ ನೀರಿನ ಪ್ರಶ್ನೆ ಸದ್ಯಕ್ಕೆ ಉದ್ಭವಿಸುವುದಿಲ್ಲ. ಅಷ್ಟೇ. ಮನೆ ಉಳಿಯಿತೆಂದು ಹೇಳಲಿಲ್ಲ, ಹೋಯಿತೆಂದೂ ಹೇಳಲಿಲ್ಲ. ಇದನ್ನು ಬರೆಯುತ್ತಿರುವ ಈ ಹೊತ್ತಿಗೂ ನಾವು ಪರಿಶೀಲನೆಯಲ್ಲಿಯೇ ಇದ್ದೇವೆ. ಅದರಲ್ಲಿಯೇ ಉಂಡು, ಅದರಲ್ಲಿಯೇ ಮಲಗಿ, ಬೆಳಗಾದರೆ ಅದರ ಹೊಸಿಲಿಗೆ ಅರಿಶಿನ ಬಳಿಯುತ್ತೇವೆ. ಯೋಚಿಸಿದರೆ ಯಾರು ತಾನೇ ಪರಿಶೀಲನೆಯಲ್ಲಿಲ್ಲ? ಆದರೂ ಹೀಗೆ ಬರೆದು ಸಮಾಧಾನ ಮಾಡಿಕೊಳ್ಳುವುದು ಸುಲಭ. ಜೀಪಿನ ಸದ್ದು ಕೇಳಿದಾಗ ಈ ವೇದಾಂತ ಯಾವುದೂ ಕಿಟಕಿಯ ತನಕ ನನ್ನ ಜೊತೆ ಬರುವುದಿಲ್ಲ.

ಆ ಉತ್ತರದ ಮರುದಿನ ಬೆಳಿಗ್ಗೆ ಗೌರಮ್ಮ ಬಾಗಿಲಲ್ಲಿ ನಿಂತು, ಯುಗಾದಿ ಹತ್ತಿರ ಬಂತಲ್ಲ, ಈ ಸಲ ಗೋಡೆಗೆ ಸುಣ್ಣ ಹೊಡೆಸೋದೋ ಬೇಡವೋ ಎಂದು ಕೇಳಿದಳು. ಕೆಡವೋ ಗೋಡೆ ಬೆಳ್ಳಗಿದ್ದರೇನು, ಕಪ್ಪಗಿದ್ದರೇನು ಎಂದು ಅವಳೇ ನಕ್ಕಳು. ಆ ನಗುವಿನಲ್ಲಿ ಹಳೆಯ ಜೋರು ಇರಲಿಲ್ಲ. ನಾನು ಹಿತ್ತಲಿಗೆ ಹೋಗಿ ಹಳೆಯ ಡಬ್ಬದಲ್ಲಿ ಸುಣ್ಣದ ಕಲ್ಲು ಹಾಕಿ ನೀರು ಹೊಯ್ದೆ. ಅದು ಬುಸುಗುಟ್ಟಿ ಕುದಿಯಿತು. ಕುದಿ ಅಡಗುವ ತನಕ ದೂರ ನಿಂತಿದ್ದು, ಆಮೇಲೆ ಸೆರಗು ಸಿಕ್ಕಿಸಿ, ನೀಲಿ ಬೆರೆಸಿ, ದೇವರ ಗೂಡಿನ ಗೋಡೆಯಿಂದ ಬಳಿಯಲು ಶುರುಮಾಡಿದೆ.