ಆಂಟಿಯ ಕುಂಡದ ಗಲಾಂಗಲ್

ಮೊನ್ನೆ ಗುರುಗ್ರಾಮದ ಮಾಲ್ ಒಂದರಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿಟ್ಟ, ಶುಂಠಿಯ ಜಾತಿಯ ಗಲಾಂಗಲ್ ಗಡ್ಡೆ ಕಂಡಿತು. ಹಾಳೆಯ ಹರಿದ ಮೂಲೆಯಲ್ಲಿ ಉಗುರಿನಿಂದ ಗೀರಿ ಮೂಸಿದೆ. ಕರ್ಪೂರ, ಕಾಳುಮೆಣಸು, ಅಮ್ಮನ ಕೆಮ್ಮಿನ ಕಷಾಯ… ಮೂರೂ ಒಟ್ಟಿಗೆ ಮೂಗಿಗೆ ಬಂದವು. ಜೊತೆಗೆ ನನ್ನ ಹಳೆಯ ಮನೆಯೊಡತಿಯೂ ನೆನಪಾದರು. ಅವರು ತೀರಿಕೊಂಡು ಎರಡು ತಿಂಗಳಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಬದುಕಿದ್ದಾಗ ಆಡುವ ಧೈರ್ಯವಿರಲಿಲ್ಲ, ಇನ್ಯಾವಾಗ ಆಡಲಿ?

ದೆಹಲಿಯ ಹೌಜ್ ಖಾಸ್‌ನಲ್ಲಿ ಅವರ ಮನೆಯ ತಾರಸಿ ಮೇಲಿನ ಒಂಟಿ ಕೋಣೆಯಲ್ಲಿ ನಾನು ನಾಲ್ಕು ವರ್ಷ ಬಾಡಿಗೆಗಿದ್ದೆ. ಕನ್ನಡದವರು ಅಂತಲೇ ಆಂಟಿ ಅನ್ನುತ್ತಿದ್ದೆ. ಅವರ ಗಂಡ ದೊಡ್ಡ ಅಧಿಕಾರಿಯಾಗಿದ್ದವರು. ಗಂಡ ನಿವೃತ್ತರಾಗಿದ್ದರು, ಆಂಟಿ ಆಗಿರಲಿಲ್ಲ. ಚಾಣಕ್ಯಪುರಿಯ ಯಾವುದೋ ರಾಯಭಾರಿಯ ಹೆಂಡತಿ ಕೊಟ್ಟದ್ದೆಂದು ಒಂದು ಗಡ್ಡೆಯನ್ನು ತಾರಸಿಯ ಕುಂಡದಲ್ಲಿ ನೆಟ್ಟಿದ್ದರು. ಬಂದವರನ್ನೆಲ್ಲ ಏದುಸಿರು ಬಿಡಿಸಿ ಮೆಟ್ಟಿಲು ಹತ್ತಿಸಿ ತೋರಿಸುವರು. "ಇದು ಶುಂಠಿ ಅಲ್ಲ, ಗಲಾಂಗಲ್. ನಮ್ಮ ಜನಕ್ಕೆ ಎಲ್ಲಿ ಗೊತ್ತಾಗ್ಬೇಕು? ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!" ಹಾಡಿದ್ದೇ ಹಾಡೋ ಕಿಸಬಾಯಿ ದಾಸ.

ಅದು ಶುಂಠಿಯೇ. ಮೊಣಕಾಲೆತ್ತರದ ಗಿಡ, ಸಪೂರ ಎಲೆ. ಗಲಾಂಗಲ್ ಆಳೆತ್ತರ ಬೆಳೆಯುತ್ತದೆ, ಎಲೆಯೂ ಅಗಲ. ಅದರ ಗಡ್ಡೆಯ ಸಿಪ್ಪೆ ನುಣುಪು, ಮೈತುಂಬ ಉಂಗುರದಂಥ ಗೆರೆ, ಒಳಗೆ ಬಿಳಿ, ಚಾಕು ಸಿಕ್ಕಿಕೊಳ್ಳುವಷ್ಟು ಗಟ್ಟಿ. ಶುಂಠಿಯ ಸಿಪ್ಪೆಯನ್ನಾದರೆ ಚಮಚದಲ್ಲೇ ಕೆರೆಯಬಹುದು. ನಮ್ಮಮ್ಮ ಗಲಾಂಗಲನ್ನು ದುಂಪರಾಸ್ಮೆ ಅಂತ ಹಿತ್ತಲಲ್ಲಿ ಬೆಳೆಸಿ, ಕೆಮ್ಮಿಗೆ ಜಜ್ಜಿ ಕುದಿಸುತ್ತಿದ್ದಳು. ಹಾಗಾಗಿ ನನಗೆ ಎಲ್ಲ ಗೊತ್ತಿತ್ತು. ಒಳಗೊಳಗೇ ನಗುತ್ತ, ಹೊರಗೆ "ಅಚ್ಛಾ, ಹೌದಾ ಆಂಟಿ?" ಅನ್ನುತ್ತಿದ್ದೆ. ಒಂಟಿ ಹುಡುಗಿಗೆ, ಆಫೀಸಿಗೆ ನಡೆದು ಹೋಗುವಷ್ಟು ಹತ್ತಿರ, ಅಂಥ ಕೋಣೆ ಇನ್ನೊಂದು ಸಿಗುತ್ತಿರಲಿಲ್ಲ.

ಅಡುಗೆಗೆ ಅಸ್ಸಾಮಿನ ಒಬ್ಬ ದೀದಿ ಇದ್ದಳು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮಗಳ ಜೊತೆ ಅವಳ ವಾಸ. ಒಂದು ಭಾನುವಾರ ಆಂಟಿ ಹತ್ತು ಜನರನ್ನು ಥಾಯ್ ಊಟಕ್ಕೆ ಕರೆದರು. ಕುಂಡ ಅಗೆದು ಗಡ್ಡೆ ತೆಗೆಯಲು ದೀದಿಗೆ ಹೇಳಿದರು. ಅವಳು ಅಗೆದಳು, ಮೂಸಿದಳು, ಏನೂ ಹೇಳದೆ ಮಾರ್ಕೆಟ್ಟಿಗೆ ಹೋಗಿ ನಿಜವಾದ ಗಲಾಂಗಲ್ ತಂದು ತೆಂಗಿನ ಹಾಲಿನ ಸೂಪು ಮಾಡಿದಳು. ಯಜಮಾನಿಯ ಮರ್ಯಾದೆ ಉಳಿಯಲಿ ಅಂತ, ಪಾಪ. ಅತಿಥಿಗಳು ಎರಡೆರಡು ಬಟ್ಟಲು ಕುಡಿದರು. ಆಂಟಿಗೆ ಮಾತ್ರ ಆ ರುಚಿ ಗೊತ್ತೇ ಇರಲಿಲ್ಲ! ಸೂಪಿಗೆ ಔಷಧಿ ಬಿದ್ದಿದೆ ಅಂತ ಅಡುಗೆಮನೆಗೆ ನುಗ್ಗಿದರು. ತಟ್ಟೆ ಜೋಡಿಸುತ್ತ ನಾನೂ ಅಲ್ಲಿದ್ದೆ.

"ಮೇಮ್‌ಸಾಬ್, ಗಮ್ಲೇ ವಾಲಾ ತೋ ಅದ್ರಕ್ ಹೈ," ಅಂದಳು ದೀದಿ, ಹೊರಗೆ ಕೇಳಿಸದ ಹಾಗೆ. ಕುಂಡದಲ್ಲಿದ್ದದ್ದು ಶುಂಠಿ ಅಂತ.

ಆಂಟಿಯ ಮುಖ ಕೆಂಪಾಯಿತು. ಎರಡೂ ಗಡ್ಡೆಗಳನ್ನು ನನ್ನ ಮುಂದೆ ಹಿಡಿದರು. "ಚಲೋ, ನೀನು ಓದಿದವಳು. ನೀನೇ ಹೇಳಮ್ಮ, ಯಾವುದು ಗಲಾಂಗಲ್?"

ನಾನು ಶುಂಠಿಯನ್ನು ತೋರಿಸಿದೆ.

ದೀದಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ನನ್ನ ಬೆರಳು ಅರ್ಥವಾಯಿತು. ಸಂಜೆಯೊಳಗೆ ಅವಳ ಟ್ರಂಕು ಗೇಟಿನ ಹೊರಗಿತ್ತು. ಮೇಡಂಗೆ ಸುಳ್ಳು ಹೇಳುವವಳು ಅಂತ ಬೀದಿಯ ಉಳಿದ ಮನೆಗಳಿಗೂ ಸುದ್ದಿ ಹೋಯಿತು. ಹೊರಡುವಾಗ ಅವಳು ತಾರಸಿಯ ಕಡೆ ಒಮ್ಮೆ ನೋಡಿದಳು.

ಆಮೇಲೂ ಎರಡು ವರ್ಷ ನಾನು ಅಲ್ಲೇ ಇದ್ದೆ. ಆಂಟಿಯ ಜಂಭ ಕಂಡು ಅಸಹ್ಯಪಡುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಅವರಿಗಾದರೂ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನು.

ಮೊನ್ನೆ ಗಡ್ಡೆಯನ್ನು ಅಲ್ಲೇ ಇಟ್ಟು ಬಂದೆ. ದೀದಿ ಎಲ್ಲಿದ್ದಾಳೋ, ಆ ಮಗಳು ಓದಿದಳೋ ಇಲ್ಲವೋ… ಆ ಸೂಪಿನ ರುಚಿಯಂತೂ ಮತ್ತೆ ಎಲ್ಲೂ ಸಿಗಲಿಲ್ಲ. ಫೋನ್ ತೆರೆದು, ಆಂಟಿ ತೀರಿಕೊಂಡ ದಿನ ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ನಾನು ಬರೆದದ್ದನ್ನು ಮತ್ತೆ ಓದಿದೆ. "ಶುಂಠಿ ಯಾವುದು, ಗಲಾಂಗಲ್ ಯಾವುದು ಅಂತ ನನಗೆ ಕಲಿಸಿಕೊಟ್ಟವರು ಆಂಟಿ. ತುಂಬಲಾರದ ನಷ್ಟ." ಕೆಳಗೆ ಮುಗಿದ ಕೈಗಳ ಸಾಲು.

ಅದನ್ನು ಬರೆಯುವಾಗ ನನ್ನ ಕೋಣೆ ಕಿತ್ತುಕೊಳ್ಳುವವರು ಯಾರೂ ಇರಲಿಲ್ಲ. ನಾನು ನನ್ನ ಸ್ವಂತ ಮನೆಯ ಸೋಫಾದಲ್ಲಿ ಕೂತಿದ್ದೆ.