ಮೂರು ಪಾಲು ಮಂಕು

ದೆವ್ವ, ಶಕುನ, ಸೂಚನೆ ಎಂದು ಯಾರಾದರೂ ಬಾಯಿ ತೆರೆದರೆ ನಾನು ಸುಮ್ಮನೆ ಕೂತವನಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು. ಮದುವೆಮನೆಯಲ್ಲೂ ಇಂಥ ಮಾತಿಗೆ ಜಗಳ ತೆಗೆದು ಬೀಗರ ಮುಖ ಕೆಡಿಸಿದ್ದೇನೆ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ನನಗೂ ನನ್ನ ಹೆಂಡತಿ ಶಾಂತಾಗೂ ಇದ್ದದ್ದು ಒಂದೇ ಹುಚ್ಚು, ಮುದಿ ನಕ್ಷತ್ರ ನೋಡುವುದು. ವಯಸ್ಸಾದ ಕೆಲವು ನಕ್ಷತ್ರಗಳು ಉಬ್ಬಿ ಕೆಂಪಗಾಗಿ, ತಿಂಗಳುಗಟ್ಟಲೆ ಮಂಕಾಗುತ್ತ, ಮತ್ತೆ ಬೆಳಗುತ್ತ ಇರುತ್ತವೆ. ಕಲಬುರಗಿಯ ಖೂಬಾ ಪ್ಲಾಟ್‌ನ ನಮ್ಮ ಮಾಳಿಗೆಯಿಂದ ಊರಿನ ಬೆಳಕಿಗೆ ಏನೂ ಕಾಣದು. ಹಾಗಾಗಿ ಕಮಲಾಪುರದಲ್ಲಿ, ಹಳೆಯ ವಿದ್ಯಾರ್ಥಿ ಬಸವರಾಜನ ಬಾಳೆ ತೋಟದಲ್ಲಿ ದೊಡ್ಡ ದೂರದರ್ಶಕ ಇಟ್ಟಿದ್ದೆವು.

ಕೆಂಪು ನಕ್ಷತ್ರವನ್ನು ಪಕ್ಕದ, ಬದಲಾಗದ ಎರಡು ನಕ್ಷತ್ರಗಳ ಜೊತೆ ಹೋಲಿಸಿ, ಅವುಗಳ ಹೊಳಪಿನ ಅಂತರವನ್ನು ಹತ್ತು ಪಾಲು ಮಾಡಿ, ಇದು ಎಷ್ಟನೇ ಪಾಲಿನಲ್ಲಿದೆ ಎಂದು ಕಣ್ಣಂದಾಜಿನಲ್ಲಿ ಬರೆಯಬೇಕು. ಒಬ್ಬರ ಅಂಕಿ ಇನ್ನೊಬ್ಬರಿಗೆ ಗೊತ್ತಾಗಬಾರದು. ಶಾಂತಾ ತನ್ನದನ್ನು ಅಂಗೈಯಲ್ಲಿ ಬರೆದು ಮುಷ್ಟಿ ಮುಚ್ಚಿಕೊಳ್ಳುತ್ತಿದ್ದಳು. ನಾವು ಜೊತೆಯಾಗಿ ನೋಡಿದ ಹನ್ನೊಂದು ವರ್ಷವೂ ಅವಳ ಅಂಕಿ ನನ್ನದಕ್ಕಿಂತ ಮೂರು ಪಾಲು ಮಂಕೇ. ಕೆಂಪು ಬಣ್ಣ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಥರ, ಅದರಲ್ಲಿ ವಿಶೇಷವೇನಿಲ್ಲ. ನಿನ್ನ ಕಣ್ಣೇ ಮಂಕು ಎಂದು ಕಾಡಿಸುತ್ತಿದ್ದೆ.

ಆರು ವರ್ಷದ ಹಿಂದೆ, ಚಳಿಗಾಲದಲ್ಲಿ, ಶಾಂತಾಳ ಹೃದಯ ಕೈಕೊಟ್ಟಿತು. ಕಲಬುರಗಿಯ ಆಸ್ಪತ್ರೆಗೆ ಸೇರಿಸಿದೆವು. ನಾಲ್ಕನೆಯ ದಿನ, ಇನ್ನು ಗಾಬರಿಯಿಲ್ಲ ಎಂದರು ಡಾಕ್ಟರು. ನಾವು ಬಹಳ ವರ್ಷದಿಂದ ನೋಡುತ್ತಿದ್ದ ಒಂದು ನಕ್ಷತ್ರ ತೀರ ಮಂಕಾಗಿ, ಮತ್ತೆ ಬೆಳಗಲು ತೊಡಗುವ ವಾರ ಅದು. ನನ್ನ ಚಡಪಡಿಕೆ ಅವಳಿಗೆ ಕಾಣದೆ ಇರುತ್ತದೆಯೇ?

“ಹೋಗಿ ನೋಡಿ ಬರ್ರಿ. ನನ್ನ ತಮ್ಮ ಇಲ್ಲೇ ಅದಾನಲ್ಲ. ನಾ ಎಲ್ಲಿ ಓಡಿ ಹೋಗ್ತೀನಿ?” ಎಂದಳು.

ಹೋದೆ. ಮೊಬೈಲಿನ ಬೆಳಕು ಬಿದ್ದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡುತ್ತದೆ. ಎಂದಿನಂತೆ ಅದನ್ನು ಬಂದ್ ಮಾಡಿ ಚೀಲಕ್ಕೆ ಹಾಕಿದೆ. ಏಳೂವರೆಗೆ ನೋಡಿದಾಗ ಅಂಕಿ ನಾನು ಎಣಿಸಿದಂತೆಯೇ ಬಂತು. ಖಾತ್ರಿಗೆಂದು ಏಳೂಮುಕ್ಕಾಲಿಗೆ ಮತ್ತೆ ಕಣ್ಣಿಟ್ಟೆ. ನಕ್ಷತ್ರ ಮೂರು ಪಾಲು ಕುಸಿದಿತ್ತು. ಇಂಥ ನಕ್ಷತ್ರ ಕಾಲು ಗಂಟೆಯಲ್ಲಿ ಹಾಗೆ ಬದಲಾಗುವುದಿಲ್ಲ. ಮೋಡವಿರಲಿಲ್ಲ. ಪಕ್ಕದ ಎರಡೂ ಇದ್ದ ಹಾಗೇ ಇದ್ದವು. ಗಾಜು ಒರೆಸಿ ಹತ್ತು ಸಲ ನೋಡಿದರೂ ಅಷ್ಟೇ ಮಂಕು. ಯಾರೂ ಕಾಣದ್ದನ್ನು ಕಂಡೆನೆಂದು ಮೈ ಜುಮ್ಮೆಂದಿತು. ಒಂದು ಗಂಟೆ ಅಲ್ಲೇ ನಿಂತೆ.

ಬಸವರಾಜ ಬ್ಯಾಟರಿ ಹಿಡಿದು ಓಡಿ ಬಂದ. ಕಣ್ಣಿಗೆ ಬೆಳಕು ಬಿಟ್ಟನೆಂದು ಬೈದೆ.

“ಬೈರಿ ಸರ, ಆದ್ರ ಮದ್ಲ ನಡೀರಿ. ನಿಮ್ಮ ಫೋನ್ ಹತ್ತವಲ್ತಂತ ಅಕ್ಕಾರ ತಮ್ಮ ನನ್ನ ನಂಬರ್ ಹುಡುಕಿ ಹಚ್ಯಾರ.”

ಶಾಂತಾ ಏಳು ನಲವತ್ತಕ್ಕೆ ತೀರಿಕೊಂಡಿದ್ದಳು. ಏಳರಿಂದಲೇ ನನ್ನನ್ನು ಕೇಳುತ್ತಿದ್ದಳಂತೆ.

ಅದೇ ಸಂಜೆ ಆ ನಕ್ಷತ್ರ ನೋಡಿದ ಬೇರೆ ಊರಿನ ಗೆಳೆಯರ ಅಂಕಿಗಳನ್ನು ಆಮೇಲೆ ತರಿಸಿಕೊಂಡೆ. ಯಾರ ಅಂಕಿಯಲ್ಲೂ ಅದು ಹಾಗೆ ಕುಸಿದಿರಲಿಲ್ಲ. ಅಂದಿನಿಂದ ಯಾವ ಕೆಂಪು ನಕ್ಷತ್ರ ನೋಡಿದರೂ ನನ್ನ ಅಂಕಿ ಎಲ್ಲರದಕ್ಕಿಂತ ಮೂರು ಪಾಲು ಮಂಕು. ಇಬ್ಬರು ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಏನೂ ದೋಷವಿಲ್ಲ ಎಂದರು. ದುಃಖಕ್ಕೆ ಹೀಗಾಗಿರಬೇಕು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಏಳೂಮುಕ್ಕಾಲಿಗೆ ನನಗೆ ಯಾವ ದುಃಖವೂ ಇರಲಿಲ್ಲವಲ್ಲ.

ಅದು ಏನು ಎಂದು ಇವತ್ತಿಗೂ ನನಗೆ ತಿಳಿಯದು. ಆ ಒಂದು ಗಂಟೆ ಅಲ್ಲಿ ಏನು ಮಾಡುತ್ತಿದ್ದಿರಿ ಎಂದು ಶಾಂತಾಳ ತಮ್ಮ ಒಮ್ಮೆ ಕೇಳಿದ. ಅದು ನನಗೆ ಚೆನ್ನಾಗಿ ಗೊತ್ತು, ಅವನಿಗೆ ಹೇಳಲಾಗಲಿಲ್ಲ. ನಾನು ಖುಷಿಯಲ್ಲಿದ್ದೆ.